ಶ್ರಾವಣದ ರಕ್ತ

ನಮ್ಮ ಅಪ್ಪ ಸತ್ತಾಗ ಅವನಿಗೆ ನಲವತ್ತೇಳು ವರ್ಷ. ಅಕ್ಕಲಕೋಟದ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿದ್ದ. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಎರಡು ತುತ್ತು ತಿಂದವನು ಹಾಗೇ ಮೇಜಿನ ಮೇಲೆ ತಲೆ ಇಟ್ಟನಂತೆ. ಕಣ್ಣು ಹತ್ತಿರಬೇಕು ಎಂದುಕೊಂಡು ಜೊತೆಯವರು ಅರ್ಧ ತಾಸು ಎಬ್ಬಿಸಲಿಲ್ಲ. ಆಗ ನನಗೆ ಎಂಟು ವರ್ಷ, ಅಕ್ಕನಿಗೆ ಇಪ್ಪತ್ತೆರಡು. ಅವ್ವ ನನ್ನನ್ನು ಹೆತ್ತ ವರ್ಷವೇ ಹೋಗಿದ್ದಳು. ಅಕ್ಕನನ್ನು ಬಿಜಾಪುರದ ಕಡೆಯವರು ಯಾರೋ ನೋಡಿಕೊಂಡು ಹೋಗಿದ್ದರು. ಅಪ್ಪನ ದಿನಕರ್ಮ ಮುಗಿದ ಮೇಲೆ ಅವರಿಂದ ಸುದ್ದಿ ಬರಲಿಲ್ಲ, ಅಕ್ಕನೂ ಕೇಳಿ ಕಳಿಸಲಿಲ್ಲ. ಅಪ್ಪನ ಜೊತೆಯಲ್ಲಿದ್ದ ಕಾರಕೂನರಿಗೆ ಡಬ್ಬಿ ಕಟ್ಟಿಕೊಡುವುದರಿಂದ ಶುರು ಮಾಡಿದಳು. ನಾನು ಮೆಟ್ರಿಕ್ ಮುಗಿಸುವ ಹೊತ್ತಿಗೆ ನಮ್ಮ ಮನೆಯ ಹೊರಗಿನ ಖೋಲಿ ಖಾನಾವಳಿ ಆಗಿತ್ತು.

ಅವಳು ಬಡಿದ ರೊಟ್ಟಿಯ ಮೇಲೆ ನಾನು ಸೊಲ್ಲಾಪುರಕ್ಕೆ ಹೋಗಿ ರಕ್ತ ತಪಾಸಣೆಯ ಕೋರ್ಸು ಮಾಡಿದೆ. ತೊಂಬತ್ತರ ದಶಕ ಶುರುವಾದಾಗ ಅಲ್ಲಿನ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ, ಹತ್ತಿರದಲ್ಲೇ ಒಂದು ಬಾಡಿಗೆ ಖೋಲಿ ಹಿಡಿದಿದ್ದೆ. ಈಗಿನ ಹಾಗೆ ಮಷಿನಿಗೆ ನಳಿಗೆ ಕೊಟ್ಟು, ಗುಂಡಿ ಒತ್ತಿ, ಚಹಾ ಕುಡಿಯಲು ಹೋಗುವ ಕಾಲವಲ್ಲ ಅದು. ಒಂದೊಂದು ತಪಾಸಣೆಗೂ ಔಷಧಿಯ ನೀರು ಅಳೆದು ಹಾಕಿ, ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಗಡಿಯಾರ ನೋಡುತ್ತ ನಿಂತು, ಬಣ್ಣ ಎಷ್ಟು ಏರಿತೆಂದು ಕಣ್ಣಿಟ್ಟು ಓದಬೇಕಿತ್ತು. ನನ್ನ ಕೈ ಒಳ್ಳೆಯದಿತ್ತು. ಮಿಲ್ಲಿನಲ್ಲಿ ದುಡಿದು ಒಣಗಿದ ಮುದುಕರ ತೋಳಿನಲ್ಲಿ, ಬೀಡಿ ಕಟ್ಟುವ ಹೆಂಗಸರ ಸಣಕಲು ಕೈಯಲ್ಲಿ ಬೇರೆಯವರಿಗೆ ಸಿಗದ ನಾಳ ನನಗೆ ಒಂದೇ ಚುಚ್ಚಿಗೆ ಸಿಗುತ್ತಿತ್ತು. ಅದರ ಸೊಕ್ಕೂ ಇತ್ತು. ಸುಳ್ಳೇಕೆ ಹೇಳಲಿ, ಬಹಳ ಇತ್ತು.

ರಕ್ತವನ್ನು ನಳಿಗೆಯಲ್ಲಿ ಸುಮ್ಮನೆ ನಿಲ್ಲಿಸಿದರೆ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ತಿಳಿಯಾದ ಹಳದಿ ನೀರು ನಿಲ್ಲುತ್ತದೆ. ಅದನ್ನು ಸೀರಂ ಎನ್ನುತ್ತೇವೆ. ಕೊಲೆಸ್ಟ್ರಾಲು, ಉಳಿದ ಕೊಬ್ಬು ಎಲ್ಲವನ್ನೂ ಅಳೆಯುವುದು ಅದರಲ್ಲೇ. ಮನುಷ್ಯ ಹಸಿದ ಹೊಟ್ಟೆಯಲ್ಲಿ ಬಂದಿದ್ದು ಆರೋಗ್ಯವಾಗಿದ್ದರೆ ಅದರ ಆಚೆಗಿನ ಅಕ್ಷರ ಓದಬಹುದು. ತಿಂದು ಬಂದಿದ್ದರೆ ಅಥವಾ ಮೈಯಲ್ಲೇ ಕೊಬ್ಬು ಏರಿದ್ದರೆ ಮಜ್ಜಿಗೆಯ ಮೇಲಿನ ನೀರಿನಂತೆ ಬೆಳ್ಳಗೆ ಕದಡಿರುತ್ತದೆ. ಚಹಾ-ಖಾರಿ ಬಿಸ್ಕೀಟು ತಿಂದು ಬಂದು "ಏನೂ ತಿಂದಿಲ್ರಿ" ಎನ್ನುವವರ ಮುಖಕ್ಕೆ ನಾನು ನಳಿಗೆ ಹಿಡಿದು ತೋರಿಸುತ್ತಿದ್ದೆ. "ನೀವು ಸುಳ್ಳ ಹೇಳಬಹುದು, ಸೀರಂ ಹೇಳಂಗಿಲ್ರಿ" ಎನ್ನುತ್ತಿದ್ದೆ. ಆ ಮಾತು ನನಗೆ ಎಷ್ಟು ಇಷ್ಟವಾಗಿತ್ತೆಂದರೆ ದಿನಕ್ಕೆ ನಾಲ್ಕು ಸಲವಾದರೂ ಆಡದೆ ಬಿಡುತ್ತಿರಲಿಲ್ಲ.

ಲ್ಯಾಬು ಸೇರಿದ ಮೇಲೆ ಅಪ್ಪನ ಸಾವು ನನಗೆ ಬೇರೆ ರೀತಿ ಕಾಣತೊಡಗಿತು. ಊರಲ್ಲಿ ಅದನ್ನು ದೃಷ್ಟಿ ಎಂದಿದ್ದರು, ಅಜೀರ್ಣ ಎಂದಿದ್ದರು. ಅದು ಮನೆತನದ ರಕ್ತದಲ್ಲಿ ಇಳಿದು ಬರುವಂಥದ್ದು, ಮುಂದಿನ ಸರದಿ ಅಕ್ಕನದು ಎಂದು ನನ್ನ ತಲೆಯಲ್ಲಿ ಕೂತಿತು. ಆಗ ಅವಳಿಗೆ ನಲವತ್ತು ದಾಟಿತ್ತು. ಅಕ್ಕನನ್ನು ನಲವತ್ತೇಳು ದಾಟಿಸಬೇಕು ಎನ್ನುವುದೊಂದೇ ನನ್ನ ಹಠವಾಯಿತು. ಮದುವೆ, ಮನೆ, ನೌಕರಿಯ ಬಡ್ತಿ ಯಾವುದರ ಮೇಲೂ ನನಗೆ ಅಂಥ ಹಠ ಇರಲಿಲ್ಲ.

"ವರ್ಷಕ್ಕೊಮ್ಮೆ ರಕ್ತ ಕೊಡು ಅಕ್ಕಾ" ಎಂದು ಕೇಳಿದಾಗ ಅವಳು ನಕ್ಕಳು.

"ಯಾಕ, ಅಲ್ಲಿ ಸೊಲ್ಲಾಪುರದ ಮಂದಿ ರಕ್ತ ಸಾಲವಲ್ದೇನು ನಿನಗ?"

"ಚ್ಯಾಷ್ಟಿ ಬ್ಯಾಡ. ಹಸದ ಹೊಟ್ಟಿಲೆ ಇರಬೇಕು. ಹಿಂದಿನ ಸಂಜಿಯಿಂದ ಏನೂ ತಿನ್ನಬಾರ್ದು."

"ಅದ್ಹೆಂಗ ಆಗ್ತಾದೋ ತಮ್ಮಾ? ನಸುಕಿನ್ಯಾಗ ನಾಕಕ್ಕ ಎದ್ದು ಒಲಿ ಮುಂದ ಕೂಡಾಕಿ ನಾ. ಒಂದ ತುಣಕ ರೊಟ್ಟಿ ತಿನ್ನದ ನಿಂತ್ರ ಚಕ್ಕರ ಬಂದು ಬೀಳ್ತೀನಿ." ಆಮೇಲೆ ಹಿಟ್ಟು ನಾದುತ್ತಲೇ ತಾನೇ ದಾರಿ ಹುಡುಕಿದಳು. "ಶ್ರಾವಣ ಸ್ವಾಮಾರ ಹೆಂಗೂ ನಾ ಸಂಜಿತನ ಬಾಯಾಗ ಏನೂ ಹಾಕಂಗಿಲ್ಲ. ಕಡೀ ಸ್ವಾಮಾರ ಬಂದು ತಗೊಂಡು ಹೋಗು. ಉಪವಾಸಕ್ಕ ಉಪವಾಸನೂ ಆತು, ನಿನ್ನ ಕೆಲಸನೂ ಆತು."

ಎಷ್ಟು ಸಲೀಸಾಗಿ ಒಪ್ಪಿಬಿಟ್ಟೆ. ಲ್ಯಾಬಿನ ಗೋಡೆಯ ಮೇಲೆ ಹನ್ನೆರಡು ತಾಸು ಹಸಿದಿರಬೇಕು ಎಂದು ಬರೆದಿತ್ತು. ಶ್ರಾವಣ ಸೋಮವಾರ ಅಕ್ಕ ಅದಕ್ಕಿಂತ ಹೆಚ್ಚೇ ಹಸಿದಿರುತ್ತಿದ್ದಳು. ನನಗೆ ಬೇಕಾದದ್ದು ಅಷ್ಟೇ ಎಂದುಕೊಂಡೆ.

ಉಳಿದ ಹನ್ನೊಂದು ತಿಂಗಳು ಅವಳು ಏನು ತಿನ್ನುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆ ಮನೆಯಲ್ಲೇ ಬೆಳೆದವನು ನಾನು. ಎದ್ದ ಕೂಡಲೇ ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದಳು. ಸುಟ್ಟ ತಂಬಾಕಿನ ಕರಿ ಪುಡಿ ಅದು. ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಅದಿಲ್ಲದೆ ಕಣ್ಣು ತೆರೆಯುವುದಿಲ್ಲ. ಹಿಂದಿನ ದಿನ ಉಳಿದ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಒಂದು ಸೌಟು ಎಣ್ಣೆ, ಇದು ಅವಳ ನಸುಕಿನ ಊಟ. ಆ ಎಣ್ಣೆಯದೂ ಒಂದು ನೇಮವಿತ್ತು. ಬಸ್ ಸ್ಟ್ಯಾಂಡಿನ ಡ್ರೈವರ್-ಕಂಡಕ್ಟರುಗಳಿಗೆ, ಗುರುವಾರ ಗುಡಿಗೆ ಬರುವ ಯಾತ್ರಿಕರಿಗೆ ದಿನಾ ಭಜಿ ಕರಿಯುತ್ತಿದ್ದಳು. ಒಮ್ಮೆ ಕರಿದ ಎಣ್ಣೆಯನ್ನು ಗಿರಾಕಿಗೆ ಮತ್ತೆ ಮುಟ್ಟಿಸುತ್ತಿರಲಿಲ್ಲ. "ಮಂದಿ ಹೊಟ್ಟಿಗಿ ಹಾಕೂದು, ಪಾಪ ಹತ್ತತಾದ" ಎನ್ನುತ್ತಿದ್ದಳು. ಹಾಗೆಂದು ಚೆಲ್ಲುತ್ತಲೂ ಇರಲಿಲ್ಲ. ಆ ಕಪ್ಪಗಾದ ಎಣ್ಣೆಯೆಲ್ಲ ಒಂದು ಕಿಟ್ಲಿಯಲ್ಲಿ ಕೂಡಿಬಿದ್ದು ಅವಳ ಸ್ವಂತ ಪಲ್ಯಕ್ಕೆ, ಅವಳ ಸ್ವಂತ ಒಗ್ಗರಣೆಗೆ ಹೋಗುತ್ತಿತ್ತು. ಊರವರ ಹೊಟ್ಟೆಯ ಪಾಪ ತಪ್ಪಿಸಲು ಅವಳು ತನ್ನ ಹೊಟ್ಟೆಯನ್ನು ಒಡ್ಡಿದ್ದಳು.

ಶ್ರಾವಣ ಬಂದರೆ ಮಾತ್ರ ಬೇರೆಯೇ ಹೆಂಗಸು. ತಿಂಗಳಿಡೀ ಮಿಶ್ರಿ ಮುಟ್ಟುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಒಂದೇ ಊಟ, ಅದೂ ಹೆಸರುಬೇಳೆಯ ಸಪ್ಪನೆ ಸಾರು, ಅನ್ನ. ಖಾನಾವಳಿಯಲ್ಲೂ ಆ ತಿಂಗಳು ಕರಿಯುತ್ತಿರಲಿಲ್ಲವಾದ್ದರಿಂದ ಕಿಟ್ಲಿ ಖಾಲಿ ಬೋರಲಾಗಿರುತ್ತಿತ್ತು. ಮೂರೂವರೆ ವಾರ ಹೀಗೆ ಕಳೆದ ಮೇಲೆ, ಕಡೆಯ ಸೋಮವಾರ ಬೆಳಿಗ್ಗೆ, ನಾನು ಸೊಲ್ಲಾಪುರದ ಮೊದಲ ಬಸ್ಸಿಗೆ ಹೋಗಿ ಅವಳ ರಕ್ತ ತೆಗೆಯುತ್ತಿದ್ದೆ.

ಅದೊಂದು ಸಣ್ಣ ಹಬ್ಬದಂತೆಯೇ ನಡೆಯುತ್ತಿತ್ತು. ಅಕ್ಕ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ದೇವರ ಕಟ್ಟೆಯ ಮುಂದೆ ಕೂತು ಎಡಗೈ ಚಾಚುತ್ತಿದ್ದಳು. ಸೂಜಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಮಗ್ಗುಲ ಮನೆಯ ಮಾವಶಿ, ಅಕ್ಕನ ಜೊತೆ ರೊಟ್ಟಿ ಬಡಿಯಲು ಬರುತ್ತಿದ್ದವಳು, ಬಾಗಿಲಲ್ಲಿ ನಿಂತು "ಇಷ್ಟ ರಕ್ತ ತಗೀತಾನಲ್ಲ, ಎಷ್ಟ ದಿನದ ಊಟದ್ದೋ ಏನೋ" ಎಂದು ಗೊಣಗುತ್ತಿದ್ದಳು. ಶರಬತ್ತಿನ ಗಾಡಿಯಿಂದ ಬರ್ಫ ತಂದು ಥರ್ಮಾಸಿನಲ್ಲಿ ತುಂಬಿ, ನಳಿಗೆಯನ್ನು ಅದರಲ್ಲಿಟ್ಟು ತೊಡೆಯ ಮೇಲೆ ಹಿಡಿದು ಬಸ್ಸಿನಲ್ಲಿ ಕೂರುತ್ತಿದ್ದೆ. ವಳಸಂಗದ ಹತ್ತಿರ ರಸ್ತೆ ಕೆಟ್ಟಿದ್ದಾಗ ಮಗುವನ್ನು ಹಿಡಿದ ಹಾಗೆ ಎದೆಗೆ ಒತ್ತಿ ಹಿಡಿಯುತ್ತಿದ್ದೆ. ಸಂಜೆಯೊಳಗೆ ಸೀರಂ ತೆಗೆದು ನೋಡಿದರೆ ಕನ್ನಡಿಯಂತೆ ತಿಳಿ. ಕೊಲೆಸ್ಟ್ರಾಲು ಗಡಿಯ ಒಳಗೆ, ಉಳಿದದ್ದೂ ಒಳಗೆ.

ಮುಂದಿನ ಭಾನುವಾರ ರಿಪೋರ್ಟು ಕೊಟ್ಟಾಗ ಅಕ್ಕ ಕೇಳುತ್ತಿದ್ದುದು ಒಂದೇ ಮಾತು. "ಛಲೋ?"

"ಛಲೋ ಅದ ಅಕ್ಕಾ. ಭಾಳ ಛಲೋ ಅದ."

ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ದೇವರ ಫೋಟೋದ ಹಿಂದೆ ಸಿಗಿಸಿ, ಮರುದಿನದ ಭಜಿಗೆ ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು. ನಾನು ಹಗುರಾಗಿ ಸೊಲ್ಲಾಪುರಕ್ಕೆ ಮರಳುತ್ತಿದ್ದೆ. ಸಾಹೇಬರು ತಪಾಸಣೆಗೆ ಬರುವ ದಿನ ಮಾತ್ರ ಸಾಲಿಯ ಗೋಡೆಗೆ ಸುಣ್ಣ ಹೊಡೆಯುತ್ತಾರಲ್ಲ, ಆ ಗೋಡೆ ನೋಡಿ ಸಾಲಿ ಚೆನ್ನಾಗಿದೆ ಎಂದು ಬರೆದುಕೊಂಡು ಹೋಗುವ ಸಾಹೇಬನೂ ನಾನೇ ಆಗಿದ್ದೆ.

ಮೂರನೆಯ ವರ್ಷ ಒಂದು ಎಡವಟ್ಟಾಯಿತು. ಈಗ ಹೇಳುವುದನ್ನು ನಾನು ಇಪ್ಪತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಶ್ರಾವಣ ಅಕ್ಕನಿಗೆ ಜ್ವರ ಬಂದು ರಕ್ತ ತೆಗೆಯುವುದು ತಪ್ಪಿಹೋಯಿತು. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ರಜೆ ಹಾಕಿ ಹೋದೆ. ಹಿಂದಿನ ಸಂಜೆಯೇ ಹೇಳಿಕಳಿಸಿದ್ದೆ, ಬೆಳಿಗ್ಗೆ ನಾನು ಬರುವತನಕ ಏನೂ ತಿನ್ನಬೇಡ ಎಂದು. ಹೋದಾಗ ಅವಳು ಒಲೆಯ ಮುಂದೆಯೇ ಇದ್ದಳು. ಹೊರಗೆ ಗಿರಾಕಿ, ಒಳಗೆ ಹೊಗೆ, ಬಾಣಲಿಯಲ್ಲಿ ಎಣ್ಣೆ. ಅಲ್ಲಿಯೇ ತೋಳು ಚಾಚಿದಳು. ತೆಗೆದುಕೊಂಡು ಬಂದು ಲ್ಯಾಬಿನಲ್ಲಿ ತಿರುಗಿಸಿದರೆ ಸೀರಂ ಬೆಳ್ಳಗೆ, ದಪ್ಪಗೆ. ಹಿಂದೆ ಬೆರಳು ಇಟ್ಟರೆ ಬೆರಳು ಕಾಣುತ್ತಿರಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಎರಡು ವರ್ಷ ಕನ್ನಡಿಯಂತಿದ್ದದ್ದು ಈಗ ಹೀಗಾಗಿದ್ದರೆ ಅವಳು ತಿಂದಿರಲೇಬೇಕು. ರಜೆ ಹಾಳು, ಬಸ್ಸು ಹಾಳು, ದಿನ ಹಾಳು. ಅಳೆಯಲೂ ಹೋಗಲಿಲ್ಲ. ನಳಿಗೆಯನ್ನು ಮೋರಿಗೆ ಸುರಿದು ತೊಳೆದಿಟ್ಟೆ. ಮುಂದಿನ ಭಾನುವಾರ ಹೋಗಿ ಗಿರಾಕಿಗಳ ಮುಂದೆಯೇ ಅವಳನ್ನು ತರಾಟೆಗೆ ತೆಗೆದುಕೊಂಡೆ.

"ಒಂದ ಮುಂಜಾನೆ ಬಾಯಿ ಕಟ್ಟಾಕ ಆಗಂಗಿಲ್ಲೇನು ನಿನಗ? ಏನ ತಿಂದಿದ್ದಿ ಹೇಳು."

"ಏನೂ ತಿಂದಿದ್ದಿಲ್ಲೋ ತಮ್ಮಾ."

"ಸುಳ್ಳ ಹೇಳಬ್ಯಾಡ. ನೀ ಹೇಳಿದ್ರೂ ಸೀರಂ ಹೇಳಂಗಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಗಿರಾಕಿಗಳು ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದ್ದರು. "ಇರಬೇಕಪ್ಪಾ" ಎಂದಳು ಕಡೆಗೆ, ಧ್ವನಿ ತಗ್ಗಿಸಿ. "ಚಾ ಕುಡದಿದ್ನೋ ಏನೋ. ಗಡಿಬಿಡ್ಯಾಗ ನೆನಪ ಹಾರಿರ್ತಾದ. ಬರೂ ಶ್ರಾವಣದಾಗ ತಗೋ." ನಾನು ಗೆದ್ದವನಂತೆ ಊಟಕ್ಕೆ ಕೂತೆ. ಅವಳು ಬಡಿಸಿದಳು.

ಆ ಮೇಲೆ ಮೂರು ಶ್ರಾವಣ ಬಂದವು. ಮೂರು ಸಲವೂ ಕನ್ನಡಿ, ಮೂರು ಸಲವೂ ಛಲೋ. ಫೋಟೋದ ಹಿಂದೆ ಐದು ರಿಪೋರ್ಟುಗಳಾದವು. ದಸರೆಗೆ ಅಕ್ಕನಿಗೆ ನಲವತ್ತೇಳು ತುಂಬಿತು. ಇನ್ನೊಂದೇ ವರ್ಷ ಎಂದುಕೊಂಡೆ.

ಸಂಕ್ರಮಣ ಕಳೆದ ವಾರ ಲ್ಯಾಬಿಗೆ ಫೋನು ಬಂತು. ಮಾವಶಿ ಪೇಟೆಯ ಬೂತಿನಿಂದ ಕೂಗುತ್ತಿದ್ದಳು. "ತಮ್ಮಾ, ಅಕ್ಕನ ಬಲಗೈ ಬಿದ್ದುಬಿಟ್ಟಿತ್ತೋ. ರೊಟ್ಟಿ ಬಡ್ಯಾಕತ್ತಾಕಿ ಹಿಟ್ಟ ಕೈ ಬಿಟ್ಲು, ಮಾತು ತೊದಲ್ಯಾಡಿದ್ಲು. ಹತ್ತ ಮಿನಿಟಿನ್ಯಾಗ ಆರಾಮ ಆದ್ಲು, ಈಗ ಮತ್ತ ರೊಟ್ಟಿ ಬಡ್ಯಾಕತ್ಯಾಳ. ನಿನಗ ಹೇಳಬ್ಯಾಡ ಅಂದಾಳ, ಅದಕ್ಕ ಹೇಳಾಕತ್ತೀನಿ."

ನಾನು ಹೋದಾಗ ಅಕ್ಕ ನಕ್ಕು, "ವಾಯು ಆಗಿತ್ತು, ಓಂಕಾಳು ತಿಂದೆ, ಹೋತು" ಎಂದಳು. ಖಾನಾವಳಿಯ ಬಾಗಿಲಿಗೆ ನಾನೇ ಕೀಲಿ ಹಾಕಿ, ಬೈದು, ಅವಳನ್ನು ಸೊಲ್ಲಾಪುರಕ್ಕೆ ಕರೆತಂದೆ. ಆ ಸಂಜೆ ನನ್ನ ಖೋಲಿಯಲ್ಲಿ ಬೇಗ ಅನ್ನ ಉಣ್ಣಿಸಿ, ಬೆಳಗಿನತನಕ ಅವಳು ಏನೂ ಬಾಯಿಗೆ ಹಾಕದಂತೆ ನೋಡಿಕೊಂಡೆ. ಚಹಾದ ಡಬ್ಬಿಯನ್ನೂ ಮೇಲೆ ಎತ್ತಿಟ್ಟೆ. ಬೆಳಿಗ್ಗೆ ರಕ್ತ ತೆಗೆದೆ. ಸೀರಂ ಬೆಳ್ಳಗಿತ್ತು. ಔಷಧಿ ಕೆಟ್ಟಿರಬೇಕೆಂದು ಹೊಸ ಬಾಟಲಿ ಒಡೆದು ಅಳೆದೆ, ಮತ್ತೆ ಅಳೆದೆ. ಮೂರು ಸಲವೂ ಗಡಿ ದಾಟಿ ಬಹಳ ಮೇಲೆ. ಮೂರು ವರ್ಷದ ಹಿಂದೆ ಮೋರಿಗೆ ಸುರಿದದ್ದೂ ಹೀಗೇ ಇತ್ತು. ಅದೇ ಬಣ್ಣ, ಅದೇ ದಪ್ಪ.

ಸೊಲ್ಲಾಪುರಕ್ಕೆ ಆಗಷ್ಟೇ ಕತ್ತಿನ ರಕ್ತನಾಳ ನೋಡುವ ಹೊಸ ಯಂತ್ರ ಬಂದಿತ್ತು. ಡಾಕ್ಟರು ಅರ್ಧ ಮರಾಠಿ, ಅರ್ಧ ಕನ್ನಡ ಆಡುವ ನಮ್ಮ ಭಾಗದ ಮನುಷ್ಯ. ಅಕ್ಕನ ಕತ್ತಿಗೆ ತಣ್ಣನೆಯ ಲೇಪ ಹಚ್ಚಿದಾಗ ಅವಳು ಮೈ ಜುಮ್ಮೆಂದು ಸೆರಗು ಎಳೆದುಕೊಂಡಳು. ಪರದೆಯ ಮೇಲೆ ಬೂದು ಬಣ್ಣದ ಎರಡು ಗೆರೆ, ನಡುವೆ ಕಪ್ಪು ಓಣಿ. ಆ ಓಣಿಯಲ್ಲಿ ಅಕ್ಕನ ರಕ್ತ ಹರಿಯುತ್ತಿತ್ತು. ರಕ್ತ ಎಷ್ಟು ಸಲ ನೋಡಿದ್ದೆ ನಾನು, ಅದು ಹರಿಯುವ ಗೋಡೆಯನ್ನು ನೋಡಿದ್ದು ಅದೇ ಮೊದಲು.

ಡಾಕ್ಟರು ಗೆರೆಯ ಮೇಲೆ ಎರಡು ಚುಕ್ಕೆ ಇಟ್ಟು ಅಳೆದರು. ಬಲಗಡೆ ದಪ್ಪವಾಗಿತ್ತು. ಎಡಗಡೆ ಇನ್ನೂ ದಪ್ಪ, ಅಂಚು ಏರುಪೇರಾಗಿ ಒಂದು ಕಡೆ ಒಳಗೆ ಉಬ್ಬಿತ್ತು. ಅದರ ಚೂರು ಎದ್ದು ತಲೆಗೆ ಹೋಗಿದ್ದರಿಂದಲೇ ಬಲಗೈ ಬಿದ್ದಿತ್ತಂತೆ.

"ಇದು ಹಂಡ್ಯಾಗ ಗಡಸ ನೀರಿನ ಉಪ್ಪು ಕಟ್ಟಿದಂಗೇನ್ರಿ?" ಎಂದು ಕೇಳಿದೆ. ಉಜ್ಜಿದರೆ ಹೋಗುವಂಥದ್ದಾಗಿರಲಿ ಎಂಬ ಆಸೆ.

"ಹಂಗಲ್ಲ. ಹಂಡೇದ್ದು ಮ್ಯಾಲ ಹತ್ತಿರ್ತಾದ, ಕೆರದು ತಗೀಬಹುದು. ಇದು ಗ್ವಾಡಿ ಒಳಗ ಬೆಳದದ. ಗ್ವಾಡಿನೇ ದಪ್ಪ ಆಗ್ಯಾದ. ಒಂದೆರಡ ವರ್ಷದ್ದಲ್ಲ ಇದು, ಹದಿನೈದು ಇಪ್ಪತ್ತು ವರ್ಷದ್ದದ."

"ಮತ್ತ ಕಡಿಮಿ ಆಗ್ತಾದ್ರಿ?"

"ಇದ್ದಲ್ಲೇ ನಿಂದರಸಾಕ ನೋಡೂಣು. ಹಿಂದಕ ಹೋಗೂದು ನನಗ ಗೊತ್ತಿಲ್ಲ." ಆಮೇಲೆ ಕೈ ಒರೆಸಿಕೊಳ್ಳುತ್ತ, "ಹಳೀ ರಿಪೋರ್ಟ್ ಏನರ ಅದಾವೇನು?" ಎಂದರು.

ಇದ್ದವು. ಫೋಟೋದ ಹಿಂದಿನಿಂದ ಐದನ್ನೂ ಕಿತ್ತು ತಂದಿದ್ದೆ. ಒಂದೊಂದಾಗಿ ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಎಲ್ಲದರಲ್ಲೂ ನನ್ನ ಅಕ್ಷರ, ನನ್ನ ಸಹಿ. ನಾನು ಏನೂ ಕಡಿಮೆ ಮಾಡಿಲ್ಲ, ನೋಡಿ ಎಂದು ತೋರಿಸುವ ಹುರುಪು ಆಗಲೂ ಒಂದಿಷ್ಟು ಉಳಿದಿತ್ತು. ಡಾಕ್ಟರು ಅಂಕಿ ನೋಡಿದರು, ಹುಬ್ಬು ಗಂಟಿಕ್ಕಿದರು. ಮತ್ತೆ ತಾರೀಖು ನೋಡಿದರು.

"ಎಲ್ಲಾ ಆಗಸ್ಟಿನವೇ ಅದಾವಲ್ಲ. ಶ್ರಾವಣ ಪಾಳತಾತ ಕಾಯ್ ತ್ಯಾ?" ಅವಳು ಶ್ರಾವಣ ಹಿಡಿಯುತ್ತಾಳೆಯೇ ಎಂದು ನನ್ನನ್ನು ಕೇಳಿದರು.

"ಹೌದ್ರಿ" ಎಂದೆ.

ಅವರು ಕಾಗದಗಳನ್ನು ಒಟ್ಟು ಮಾಡಿ ನನ್ನ ಕಡೆ ಸರಿಸಿದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಲ್ಯಾಬಿನಲ್ಲಿ ಜನರಿಗೆ ಬೈದ ಹಾಗೆ ನನಗೂ ಯಾರಾದರೂ ಬೈಯಬೇಕಿತ್ತು. ರಕ್ತ ಹೇಳುವುದು ಈ ವಾರದ ಮಾತು, ಹೆಚ್ಚೆಂದರೆ ಈ ತಿಂಗಳದ್ದು. ಎಳೆಯ ಟೆಕ್ನಿಷಿಯನ್ನನಿಗೂ ಗೊತ್ತಿರುವ ಸಂಗತಿ. ಅಕ್ಕನ ಗೋಡೆ ಹನ್ನೊಂದು ತಿಂಗಳೂ ಬೆಳೆಯುತ್ತಿದ್ದಾಗ ನಾನು ಹನ್ನೆರಡನೆಯ ತಿಂಗಳಲ್ಲಿ ಬಂದು ಕುಶಲ ಕೇಳಿ ಹೋಗುತ್ತಿದ್ದೆ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಮಡಿಲಲ್ಲಿ ಗುಳಿಗೆಗಳ ಪೊಟ್ಟಣ. ತುಸು ದೂರ ಹೋದ ಮೇಲೆ ಕೇಳಿದಳು. "ಆ ಗ್ವಾಡಿ ಮತ್ತ ತೆಳ್ಳಗ ಆಗಂಗಿಲ್ಲೇನೋ?"

"ಇಲ್ಲಕ್ಕಾ. ಹೆಚ್ಚಿಗಿ ಆಗದಂಗ ನೋಡಕೋಬೇಕು."

"ಮತ್ತ ಅಷ್ಟ ವರ್ಷ ಛಲೋ ಅದ, ಛಲೋ ಅದ ಅಂದ್ಯಲ್ಲೋ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದ್ದಳು. ಆಗಲೇ ಹೇಳಿಬಿಡಬೇಕಿತ್ತು, ಆ ಚಳಿಗಾಲದ ನಳಿಗೆಯ ಕತೆ. ಗಿರಾಕಿಗಳ ಮುಂದೆ ಸುಳ್ಳಿ ಎಂದು ಕರೆದದ್ದಕ್ಕೆ ಕೈ ಹಿಡಿದು ತಪ್ಪಾಯಿತು ಎನ್ನಬೇಕಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡು ಟಿಕೇಟು ತೆಗೆಯುವ ನೆಪದಲ್ಲಿ ಎದ್ದೆ.

ಅದಾದ ಮೇಲೆ ಐದು ತಿಂಗಳು ಅವಳು ನನ್ನ ಮಾತೆಲ್ಲ ಕೇಳಿದಳು. ಮಿಶ್ರಿ ಬಿಟ್ಟಳು. ಗುಳಿಗೆ ತಪ್ಪಿಸಲಿಲ್ಲ. ಎಣ್ಣೆಯ ಕಿಟ್ಲಿಯನ್ನು ನಾನೇ ಗುಜರಿಗೆ ಹಾಕಿದೆ. ಭಜಿ ಇಲ್ಲದ ಖಾನಾವಳಿಗೆ ಗಿರಾಕಿ ಕಡಿಮೆಯಾದರು, ಅದಕ್ಕೂ ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಸಮಾಧಾನವಿರಲಿಲ್ಲ. ಪರದೆಯ ಮೇಲೆ ಕಂಡ ಆ ಉಬ್ಬು ಕೂತಲ್ಲಿ ನಿಂತಲ್ಲಿ ಕಣ್ಣಿಗೆ ಬರುತ್ತಿತ್ತು. ಅದು ಅಲ್ಲೇ ಇದೆ, ನಮ್ಮ ಪಥ್ಯಕ್ಕೂ ಪಶ್ಚಾತ್ತಾಪಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಒಳಗೆ ಗೊತ್ತಿತ್ತು. ಗೊತ್ತಿದ್ದೂ ಭಾನುವಾರ ಭಾನುವಾರ ಹೋಗಿ, "ಈಗ ಎಲ್ಲಾ ಸರಿ ಆಗ್ತಾದ" ಎಂದು ನಗುತ್ತ ಕೂರುತ್ತಿದ್ದೆ.

ಆಷಾಢದ ಒಂದು ಬೆಳಿಗ್ಗೆ ಅಕ್ಕ ಹಿಟ್ಟು ನಾದುತ್ತಿದ್ದವಳು ಪರಾತದ ಮೇಲೆ ಒರಗಿದಳು. ಈ ಸಲ ಹತ್ತು ನಿಮಿಷದಲ್ಲಿ ಎದ್ದು ರೊಟ್ಟಿ ಬಡಿಯಲಿಲ್ಲ. ಸೊಲ್ಲಾಪುರದಲ್ಲಿ ಹದಿನಾರು ದಿನ ದವಾಖಾನೆಯಲ್ಲಿದ್ದಳು. ಜೀವ ಉಳಿಯಿತು. ಬಲಗೈ ಬಲಗಾಲು ಉಳಿಯಲಿಲ್ಲ, ಮಾತೂ ಉಳಿಯಲಿಲ್ಲ. ಮಾತು ಪೂರಾ ಹೋಗಿದ್ದರೆ ಅದನ್ನೂ ಸಹಿಸಬಹುದಿತ್ತೇನೋ. ಒಂದು ಶಬ್ದ ಉಳಿದುಕೊಂಡಿತು. ಇಂಥ ಪೆಟ್ಟಿನಲ್ಲಿ ಕೆಲವರಿಗೆ ಹೀಗೆ ಒಂದೇ ಶಬ್ದ ಉಳಿಯುವುದುಂಟು, ಯಾವುದು ಉಳಿಯುತ್ತದೆಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಅಕ್ಕನಿಗೆ ಉಳಿದದ್ದು "ಛಲೋ."

ಹಸಿವಾದರೆ ಛಲೋ. ಹಾಸಿಗೆ ಒದ್ದೆಯಾದರೆ ಛಲೋ. ಬೆನ್ನು ಉರಿದು ಕಣ್ಣಲ್ಲಿ ನೀರು ಬಂದಾಗಲೂ ಛಲೋ, ಛಲೋ ಎಂದೇ ಅಳುತ್ತಿದ್ದಳು. ತಾನು ಹೇಳಬೇಕೆಂದದ್ದು ಅದಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಎಡಗೈಯಿಂದ ಹಾಸಿಗೆ ಬಡಿದು, ಬಾಯಿ ತಿರುಚಿ, ಇನ್ನೊಂದು ಮಾತಿಗಾಗಿ ಹೆಣಗಿ, ಮತ್ತೆ ಅದನ್ನೇ ಅನ್ನುತ್ತಿದ್ದಳು. ನಾನು ಸೊಲ್ಲಾಪುರದ ಖೋಲಿ ಬಿಟ್ಟು ಮನೆಗೆ ಬಂದು ಇದ್ದೆ, ದಿನಾ ಬಸ್ಸಿಗೆ ಲ್ಯಾಬಿಗೆ ಹೋಗಿ ಬರುತ್ತಿದ್ದೆ. ಹಗಲೆಲ್ಲ ಮಾವಶಿ ನೋಡಿಕೊಳ್ಳುತ್ತಿದ್ದಳು. ಖಾನಾವಳಿಯ ಖೋಲಿಯಲ್ಲೇ ಅಕ್ಕನ ಹಾಸಿಗೆ ಹಾಕಿದ್ದೆವು. ಗೋಡೆಗೆ ಗಿರಾಕಿಗಳು ಒರಗಿ ಒರಗಿ ಆದ ಎಣ್ಣೆಯ ಕಲೆಗಳು ಹಾಗೇ ಇದ್ದವು.

ಶ್ರಾವಣ ಬಂತು. ಕಡೆಯ ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದಾಗ ಅಕ್ಕ ಹಾಸಿಗೆಯಿಂದ ಎಡಗೈ ಚಾಚಿದಳು. ನೀರು ಬೇಕೇನೋ ಎಂದು ಲೋಟ ಹಿಡಿದೆ, ಮುಖ ತಿರುಗಿಸಿದಳು. ಅಂಗೈ ಮೇಲೆ ಮಾಡಿ, ಮೊಣಕೈ ಒಳಭಾಗ ತೋರಿಸಿ, ನನ್ನ ಮುಖ ನೋಡತೊಡಗಿದಳು. ವಾರ ತಿಥಿ ಹೇಗೆ ಗೊತ್ತಾಯಿತೋ ನನಗೆ ತಿಳಿಯದು. ಬಹುಶಃ ಓಣಿಯ ಹೆಂಗಸರು ಬೆಳಿಗ್ಗೆ ಬಿಲ್ವಪತ್ರಿ ಹಿಡಿದು ಹೋಗುವುದನ್ನು ಬಾಗಿಲಿಂದ ನೋಡಿರಬೇಕು. ಸೂಜಿ ತಂದೆ.

ಮಾವಶಿ ಎಂದಿನಂತೆ ಬಾಗಿಲಲ್ಲಿ ನಿಂತಿದ್ದಳು. "ಇವತ್ತರ ನಂಬ್ತೀ ಇಲ್ಲೋ?" ಎಂದಳು.

"ಏನ ನಂಬೂದು?"

"ಅದs, ಆ ಚಳಿಗಾಲದಾಗ ಮಂದಿ ಮುಂದ ಬೈದ್ಯಲ್ಲ ಆಕೀಗಿ, ತಿಂದೀ ಅಂತ. ಹಿಂದಿನ ಸಂಜಿಯಿಂದ ಹನಿ ನೀರ ಸುದ್ದಾ ಕುಡದಿದ್ದಿಲ್ಲ ಆಕಿ. ನಾ ಚಾ ಕೊಟ್ರೂ ಒಲ್ಲೆ, ತಮ್ಮ ಬರ್ತಾನ ಅಂದಿದ್ಲು. ಆಮ್ಯಾಲ ನಾ ಹೇಳ್ತೀನಿ ಅಂದ್ರ, ಬ್ಯಾಡ, ಅವಂಗ ಮಂದ್ಯಾಗ ಸಣ್ಣಂವನ ಮಾಡಬ್ಯಾಡ ಅಂದ್ಲು."

ಸೂಜಿ ನಾಳದಲ್ಲಿತ್ತು, ರಕ್ತ ಬರುತ್ತಿತ್ತು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅಕ್ಕ ನನ್ನ ಮುಖ ನೋಡುತ್ತಿದ್ದಳು. ಹತ್ತಿ ಒತ್ತಿ ಹಿಡಿದು, "ತಪ್ಪಾತು ಅಕ್ಕಾ" ಎಂದೆ. ಮೂರೂವರೆ ವರ್ಷ ತಡವಾಗಿ. ಅವಳು ನನ್ನ ತಲೆಯ ಮೇಲೆ ಎಡಗೈ ಇಟ್ಟು "ಛಲೋ" ಎಂದಳು. ಅದು ಕ್ಷಮೆಯೋ, ಬೈಗುಳವೋ, ಕೈ ನೋಯುತ್ತದೆ ಎಂದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಸಲದ ಸೀರಂ ಆರು ವರ್ಷಗಳಲ್ಲಿ ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಗಂಜಿ, ಹಾಲಿಲ್ಲದ ಚಹಾ, ಗುಳಿಗೆ, ಇಷ್ಟರ ಮೇಲೆ ಬದುಕಿದವಳ ರಕ್ತ. ಕೊಲೆಸ್ಟ್ರಾಲು ನನ್ನದಕ್ಕಿಂತ ಕಡಿಮೆ. ಲ್ಯಾಬಿನಲ್ಲಿ ಹೊಸದಾಗಿ ಸೇರಿದ ಹುಡುಗಿ ನೋಡಿ, "ಯಾರದ್ರೀ ಸರ್ ಇದು, ಎಷ್ಟ ಮಸ್ತ್ ಅದ" ಎಂದಳು. ರಿಪೋರ್ಟು ಬರೆದು ಸಹಿ ಮಾಡಿದೆ. ಭಾನುವಾರ ಬೆಳಿಗ್ಗೆ ಹಾಸಿಗೆಯ ಪಕ್ಕ ಕೂತು ಅದನ್ನು ಅವಳ ಎಡಗೈಗೆ ಕೊಟ್ಟೆ.

"ಛಲೋ?" ಎಂದಳು. ಆ ಒಂದು ದಿನ ಆ ಶಬ್ದ ಅವಳು ಹೇಳಬೇಕೆಂದದ್ದನ್ನೇ ಹೇಳಿತ್ತು.

"ಛಲೋ ಅದ ಅಕ್ಕಾ. ಭಾಳ ಛಲೋ ಅದ."

ಅವಳು ಕಣ್ಣಿನಿಂದಲೇ ಒಳಗಿನ ಖೋಲಿ ತೋರಿಸಿದಳು. ನಾನು ಎದ್ದು ಹೋಗಿ ಅದನ್ನು ನಾಲ್ಕು ಮಡಿಕೆ ಮಾಡಿ ದೇವರ ಫೋಟೋದ ಹಿಂದೆ ಸಿಗಿಸಿದೆ.

ಒಂದೂವರೆ ತಿಂಗಳಿಗೆ ದಸರೆ ಬಂತು. ಅಕ್ಕನಿಗೆ ನಲವತ್ತೆಂಟು ತುಂಬಿತು. ಅಪ್ಪನ ವಯಸ್ಸು ದಾಟಿಸಬೇಕೆಂದು ಹಠ ಹಿಡಿದವನು ದಾಟಿಸಿದ್ದೆ. ಸಂಜೆ ಓಣಿಯವರು, ಹಳೆಯ ಗಿರಾಕಿಗಳು ಬನ್ನಿ ಎಲೆ ಹಿಡಿದು ಒಬ್ಬೊಬ್ಬರಾಗಿ ಬಂದರು. ಅವಳ ಎಡಗೈಗೆ ಎಲೆ ಇಟ್ಟು, ಕಾಲು ಮುಟ್ಟಿ, "ಬಂಗಾರದಂಗ ಇರೂಣ್ರಿ ಅಕ್ಕಾರ, ಹೆಂಗದೀರಿ?" ಎಂದು ಕೇಳಿದರು. ಅಕ್ಕ ಪ್ರತಿಯೊಬ್ಬರಿಗೂ ಉತ್ತರ ಕೊಟ್ಟಳು. ಕೇಳಿದವರೆಲ್ಲ ಸಮಾಧಾನಪಟ್ಟುಕೊಂಡು ಮನೆಗೆ ಹೋದರು.